ಸ. ನಯ್ಯರ ಅವರ ಮನೆಯವರು

ನನ್ನ ಗಂಡನ ಹೆಸರನ್ನು ನಾನು ಮೂವತ್ತೊಂದು ವರ್ಷದಿಂದ ಬಾಯಿಬಿಟ್ಟು ಹೇಳಿಲ್ಲ. ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದಂತೆ, ನಮ್ಮತ್ತೆಯ ಅಪ್ಪಣೆ. ರೇಷನ್ ಅಂಗಡಿಯಲ್ಲಿ ಕೇಳಿದರೆ ಕಾರ್ಡು ತೋರಿಸುತ್ತೇನೆ. ಅಷ್ಟೇ ಏಕೆ, ನರಸೀಪುರದ ಬಸ್ಸಿಗೂ ‘ಅವರ ಪುರದ ಬಸ್ಸು’ ಎಂದು ಹೇಳಿ ಕಂಡಕ್ಟರನ ತಲೆ ಕೆಡಿಸಿದವಳು ನಾನು. ಬರೆಯುವುದಕ್ಕೇನೂ ಅಡ್ಡಿಯಿಲ್ಲ: ನರಸಯ್ಯ, ಬೆಳಗೊಳದ ಹಾಲಿನ ಡೈರಿಯ ಸೆಕ್ರೆಟರಿ.

ಹೋದ ವರ್ಷ ಪಾಂಡವಪುರದ ಒಂದು ವಾರಪತ್ರಿಕೆಗೆ ನಗೆಬರಹ ಕಳಿಸುವ ಹುಚ್ಚು ಹತ್ತಿತು. ವಿಷಯಕ್ಕೆ ಬರವೇ? ಮನೆಯಲ್ಲೇ ಗೊರಕೆ ಹೊಡೆಯುತ್ತ ಮಲಗಿತ್ತು. ಆದರೆ ಮಂಗಳಮ್ಮ ಎಂದು ನನ್ನ ಹೆಸರನ್ನೇ ಹಾಕಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಅದಕ್ಕೆ ಅವರ ಹೆಸರನ್ನೇ ಹಾಳೆಯ ಮೇಲೆ ಬರೆದು, ಅಕ್ಷರಗಳನ್ನು ಮೊಸರನ್ನ ಕಲಸಿದಂತೆ ಕಲಸಿದೆ. ನ, ರ, ಸ, ಯ್ಯ. ಸ. ನಯ್ಯರ! ಬಾಯಲ್ಲಿ ಹೇಳಬಾರದು, ಒಪ್ಪಿದೆ. ಕೈಯಲ್ಲಿ ಕಲಸಬಾರದು ಅಂತ ನಮ್ಮತ್ತೆ ಹೇಳಿರಲಿಲ್ಲವಲ್ಲ!

ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದೆ. ಅಚ್ಚಾಯಿತು! ಊರವರ ಹಾಲಲ್ಲಿ ತೊಟ್ಟು ನೀರಿದ್ದರೂ ಹಿಡಿಯುವ ಗಂಡ, ಕಾಫಿಗೆ ಹಾಲೆಂದು ಮಜ್ಜಿಗೆ ಬೆರೆಸಿ ಕುಡಿದು, ‘ಪುಡಿ ಸರಿಯಿಲ್ಲ’ ಎಂದ ಕಥೆ. ಇವರು ಅದನ್ನು ಡೈರಿಯಲ್ಲಿ ಹಾಲು ಅಳೆಯುವ ಹುಡುಗನಿಗೆ ಗಟ್ಟಿಯಾಗಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ನೋಡ್ಲಾ ಸಿದ್ದೇಶ, ಈ ನಯ್ಯರ ಕೇರಳದೋನೇ ಕಣ್ಲಾ. ಏನ್ ಬರೀತಾನ್ಲಾ! ಇಂಥ ಪೆದ್ದ್ ಗಂಡುಸ್ರೂ ಅವ್ರಲ್ಲ ಪರ್ಪಂಚ್ದಲ್ಲಿ!”

ಹಾಲು ಹಾಕಲು ಹೋದ ನನಗೆ ನಗು ತಡೆಯಲಾಗಲಿಲ್ಲ, ಜೊತೆಗೇ ಪುಕಪುಕ. ಆ ಪೆದ್ದ ತಾನೇ ಎಂದು ಗೊತ್ತಾದರೆ ಮಾನಸ್ಥ ಮನುಷ್ಯ ಊರಲ್ಲಿ ತಲೆಯೆತ್ತಿಯಾರೇ? ನನ್ನ ಪೆನ್ನು ಉಳಿದೀತೇ? ವಾರಕ್ಕೊಂದು ಬರಹ ನನಗೆ ಊಟಕ್ಕಿಂತ ಹೆಚ್ಚಾಗಿಬಿಟ್ಟಿತ್ತು.

ಅಷ್ಟರಲ್ಲಿ ಸಂಪಾದಕಿ ಸಂಘಮಿತ್ರಾ ಅವರ ಮೆಸೇಜು ಬಂತು. ಪತ್ರಿಕೆಯ ವಾರ್ಷಿಕೋತ್ಸವದಲ್ಲಿ ನಯ್ಯರರಿಗೆ ಸನ್ಮಾನ, ಬಂದು ಮುಖ ತೋರಿಸದಿದ್ದರೆ ಇನ್ನು ಬರಹ ಹಾಕುವುದಿಲ್ಲ. ತೆಪ್ಪಗೆ ಹೋಗಿ ಬರೋಣವೆಂದರೆ, ಪತ್ರಿಕೆಯಲ್ಲಿ ಸುದ್ದಿ ಓದಿದ ಇವರೂ ನಯ್ಯರನಿಗೆಂದು ಅರ್ಧ ಕೆಜಿ ಖೋವ ಕಟ್ಟಿಸಿಕೊಂಡು ಸ್ಕೂಟರ್ ಹೊರಗೆ ನಿಲ್ಲಿಸಿದ್ದಾರೆ!

“ನಡಿಯೆ, ನಯ್ಯರನ್ನ ನೋಡ್ಕಂಡು ಬರಾವ.”

ಕಬ್ಬಿನ ಟ್ರಾಕ್ಟರುಗಳ ಹಿಂದೆ ಹಿಂದೆ, ನನ್ನ ಖೋವವನ್ನು ನಾನೇ ತೊಡೆಯ ಮೇಲಿಟ್ಟುಕೊಂಡು ಪಾಂಡವಪುರ ಸೇರಿದೆ.

“ಸ. ನಯ್ಯರ ಅವರು ವೇದಿಕೆಗೆ ಬರಬೇಕು” ಎಂದು ಮೈಕಿನಲ್ಲಿ ಕರೆದರು. ಖೋವದ ಡಬ್ಬಿ ಹಿಡಿದ ಇವರು ಬಾಗಿಲ ಕಡೆ ಕತ್ತು ಚಾಚಿ ಕೇರಳದವನನ್ನು ಹುಡುಕುತ್ತಿದ್ದರು. ನಾನು ಎದ್ದೆ. ಸೆರಗು ಹಿಡಿದು ಎಳೆದರು.

“ಲೇ, ಬಾತ್ರೂಮು ಇಂದ್ಗಡೆ ಕಣೆ!”

ಬಿಡಿಸಿಕೊಂಡು ಹತ್ತಿದೆ. ಸಂಘಮಿತ್ರಾ ಶಾಲು ಹೊದಿಸಿ, “ಈ ಹೆಸರು ಎಲ್ಲಿಂದ ಬಂತಮ್ಮ?” ಎಂದರು. ಸುಮ್ಮನೆ ಇಟ್ಟುಕೊಂಡೆ ಎನ್ನಬಹುದಿತ್ತು. ಆದರೆ ಹೆಸರು ಇವರದು, ಶಾಲು ನನಗೆ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಅಕ್ಷರ ಇಂದ್ಮುಂದೆ ಮಾಡಿ ನೋಡಿ” ಎಂದೆ. ಯಾರಿಗೂ ಹೊಳೆಯಲಿಲ್ಲ. ಮನಸ್ಸಿನಲ್ಲೇ ಅತ್ತೆಯ ಕ್ಷಮೆ ಕೇಳಿ, ಕಣ್ಣು ಮುಚ್ಚಿ, ಮೈಕಿಗೆ ಹೇಳಿಯೇಬಿಟ್ಟೆ.

“ನರಸಯ್ಯ!”

“ಆಂ, ಬಂದೆ!” ಎಂದು, ಡೈರಿಯಲ್ಲಿ ಯಾರಾದರೂ ಕೂಗಿದರೆ ಏಳುವಂತೆ ಇವರು ಎದ್ದು ನಿಂತರು. ಸಭೆಯೆಲ್ಲ ಗೊಳ್ಳೆಂದಿತು. ಇವರು ಬೆರಳು ಮಡಿಸಿ ನಾಲ್ಕು ಅಕ್ಷರ ಎಣಿಸಿದರು, ಮತ್ತೆ ಹಿಂದುಮುಂದಾಗಿ ಎಣಿಸಿದರು. ಕಿವಿ ಕೆಂಪಾಯಿತು.

“ಅಂಗಾರೆ ಆ ಮಜ್ಜಿಗೆ ಕಾಫಿಯೋನು ನಾನಾ?”

“ಊಂ” ಎಂದೆ. ಮುಗಿಯಿತು ನನ್ನ ಪೆನ್ನಿನ ಕಥೆ ಎಂದುಕೊಂಡೆ.

ಇವರು ಮೆಟ್ಟಿಲು ಹತ್ತಿ ಬಂದು ಖೋವದ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟರು. ಮೈಕು ಇದೆಯೆಂಬುದನ್ನೂ ಮರೆತು ಮೆಲ್ಲಗೆ ಹೇಳಿದ್ದು ಇಡೀ ಸಭೆಗೆ ಕೇಳಿಸಿತು.

“ಬರ್ಕೊ, ಏನಾರ ಬರ್ಕೊ. ಇನ್ನೊಂದ್ಸಲ ಎಸ್ರು ಇಡ್ದು ಕರಿಯೆ.”

ಕರೆದೆ.