ಟೀಚರಿಲ್ಲದ ಪರೀಕ್ಷೆ

ಸಿಸ್ಟರ್ ಸಾಲಿಯ ಹುಡುಗಿಯರು ನಕಲು ಹೊಡೆಯುವುದಿಲ್ಲ ಎಂಬ ಮಾತು ರಾಯಬಾಗದಿಂದ ಅಥಣಿಯವರೆಗೆ ಎಲ್ಲರ ಬಾಯಲ್ಲಿತ್ತು. ಹೆಣ್ಣು ನೋಡಲು ಹೋದವರು ಕೂಡ, ಹುಡುಗಿ ಸಿಸ್ಟರ್ ಸಾಲಿಯವಳು ಎಂದು ಗೊತ್ತಾದರೆ ಮುಂದೆ ಹೆಚ್ಚು ಕೇಳುತ್ತಿರಲಿಲ್ಲವಂತೆ. ಅಂಥ ಹೆಸರು! ಆ ಹೆಸರನ್ನು ದಿಗ್ಗೇವಾಡಿಯ ನೀಲಮ ನಂಬಿದಷ್ಟು ಗಟ್ಟಿಯಾಗಿ ಇನ್ಯಾರೂ ನಂಬಿರಲಿಕ್ಕಿಲ್ಲ. ಅವಳು ಅದೇ ಶಾಲೆಯ ಒಂಬತ್ತನೆಯ ತರಗತಿಯಲ್ಲಿದ್ದಳು. ಬರುವ ವರ್ಷ ಶಾಲೆಗೆ ಸುವರ್ಣ ಮಹೋತ್ಸವ. ಆ ವರ್ಷದ ಹತ್ತನೆಯವರ ಫೋಟೋದಲ್ಲಿ ತಾನೂ ಇರಬೇಕು, ಇಲ್ಲೇ ಎಸ್ಸೆಸ್ಸೆಲ್ಸಿ ಮುಗಿಸಬೇಕು, ಅದೊಂದೇ ಅವಳ ಆಸೆ.

ಶಾಲೆಗೆ ಆ ಹೆಸರು ಬಂದದ್ದು ಒಂದು ಪರೀಕ್ಷೆಯಿಂದ. ಸುಮಾರು ಐವತ್ತು ವರ್ಷದ ಹಿಂದೆ ಸಿಸ್ಟರ್ ಅಪೊಲೊನಿಯಾ ಎಂಬ ಮಂಗಳೂರು ಕಡೆಯ ಕನ್ಯಾಸ್ತ್ರೀ ತಂಬಾಕಿನ ಹಳೆಯ ಗೋದಾಮೊಂದರಲ್ಲಿ ಈ ಹೈಸ್ಕೂಲು ಶುರು ಮಾಡಿದರು. ಹೆಣ್ಣುಮಕ್ಕಳಿಗೆ ಕಲಿಸಿ ಏನು ಮಾಡುತ್ತೀರಿ ಎಂದು ಮೂಗು ಮುರಿಯುವವರೇ ಸುತ್ತಲೂ. ತಂಬಾಕಿನ ಘಾಟಿಗೆ ಹುಡುಗಿಯರು ಪಾಠದುದ್ದಕ್ಕೂ ಸೀನುತ್ತಿದ್ದರಂತೆ. ಮೊದಲ ವರ್ಷದ ಗಣಿತ ಪರೀಕ್ಷೆಯ ದಿನ ಸಿಸ್ಟರಿಗೆ ಚಳಿಜ್ವರ. ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದರು, “ನಾನಿಲ್ಲದಿದ್ದರೂ ಇದ್ದೇನೆ ಎಂದು ತಿಳಿದು ಬರೆಯಿರಿ ಮಕ್ಕಳೇ” ಎಂದರು, ಹೋಗಿ ಮಲಗಿಬಿಟ್ಟರು. ಒಬ್ಬಳೂ ಕತ್ತೆತ್ತಲಿಲ್ಲ. ಅಂದಿನಿಂದ ಪ್ರತಿ ಫೆಬ್ರುವರಿಯಲ್ಲಿ ಒಂಬತ್ತನೆಯವರಿಗೆ ಟೀಚರಿಲ್ಲದ ಗಣಿತ ಪರೀಕ್ಷೆಯೊಂದು ನಡೆಯುತ್ತಿತ್ತು. ವಿಶ್ವಾಸ ಪರೀಕ್ಷೆ ಎಂದು ಅದರ ಹೆಸರು. ಅದರ ಅಂಕ ವಾರ್ಷಿಕ ಫಲಿತಾಂಶಕ್ಕೆ ಸೇರುತ್ತಿರಲಿಲ್ಲ.

ನೀಲಮಳಿಗೆ ಈ ಕತೆಯನ್ನು ಮೊದಲು ಹೇಳಿದ್ದು ಸಿಸ್ಟರುಗಳಲ್ಲ, ಅವಳ ತಾಯಿ ಜನಾಬಾಯಿ. ಊರ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಜನಾಬಾಯಿ ಅದೇ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವಳು. ಅದನ್ನು ಅವಳು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ. ನೆಂಟರು ಬಂದರೆ ಸಾಕು, ಚಹಾದ ಜೊತೆಗೆ ಆ ಕತೆಯೂ ಬರುತ್ತಿತ್ತು. “ನಮ್ಮ ಬ್ಯಾಚಿನಾಗ ಫ್ಯಾನ್ ತಿರಗೂ ಸಪ್ಪಳ ಬಿಟ್ರ ಬ್ಯಾರೆ ಸಪ್ಪಳ ಇರಲಿಲ್ರಿ. ಒಬ್ರೂ ಅತ್ತಿತ್ತ ನೋಡಲಿಲ್ಲ” ಎನ್ನುವಾಗ ಅವಳ ಮುಖ ನೋಡಬೇಕು! ನೀಲಮ ಅದೆಷ್ಟು ಸಲ ಕೇಳಿದ್ದರೂ ಪ್ರತಿ ಸಲವೂ ಬಾಯಿ ತೆರೆದುಕೊಂಡೇ ಕೇಳುತ್ತಿದ್ದಳು.

ನೀಲಮಳಿಗೆ ಕನ್ನಡ, ಸಮಾಜ ನೀರು ಕುಡಿದಷ್ಟು ಸಲೀಸು. ಗಣಿತ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಗಣಿತ ಕಲಿಸುವ ಉಜ್ವಲಾ ಟೀಚರ್ ಬೇರೆ ಯಾರೂ ಅಲ್ಲ, ಜನಾಬಾಯಿಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳತಿ. ಅದೇ ಶಾಲೆಗೆ ಟೀಚರಾಗಿ ಮರಳಿ ಬಂದಿದ್ದರು. ಪರೀಕ್ಷೆಯ ಹಿಂದಿನ ದಿನ ಅವರು ನೀಲಮಳ ಹೆಗಲ ಮೇಲೆ ಕೈಯಿಟ್ಟು, “ಬಂದಷ್ಟು ಬರಿ, ಬರಲಾರದ್ದು ಖಾಲಿ ಬಿಡು. ಎಲ್ಲಿ ತಪ್ಪತಿ ಅನ್ನೂದು ಗೊತ್ತಾದ್ರ ಮುಂದ ನಾ ಕೂತು ಕಲಸ್ತೀನಿ. ಇದು ನಮ್ಮ ನಿಮ್ಮೊಳಗಿನ ಪರೀಕ್ಷೆ” ಎಂದರು. ಆ ಮಾತಿಗೆ ನೀಲಮಳ ಅರ್ಧ ಭಯ ಹೋಯಿತು.

ಮರುದಿನ ಪ್ರಶ್ನೆಪತ್ರಿಕೆ ಹಂಚಿದ ಟೀಚರ್ ಹೊರಗೆ ಹೋದರು. ಅವರ ಚಪ್ಪಲಿ ಸಪ್ಪಳ ಮೆಟ್ಟಿಲಿಳಿದಿತ್ತೋ ಇಲ್ಲವೋ, ಇಡೀ ಕ್ಲಾಸು ಎದ್ದು ಕೂತಿತು. ಅಬ್ಬಬ್ಬಾ, ಏನು ಸಂತೆ! ಗೈಡುಗಳು ಹೊರಬಂದವು, ಉತ್ತರಗಳು ಬೆಂಚಿನಿಂದ ಬೆಂಚಿಗೆ ಓಡಾಡಿದವು. ಪಕ್ಕದಲ್ಲಿ ಕೂತಿದ್ದ ದಾನೇಶ್ವರಿ, ಅಥಣಿ ಕಡೆಯ ದ್ರಾಕ್ಷಿ ತೋಟದವರ ಮಗಳು, ನೀಲಮಳ ಜೀವದ ಗೆಳತಿ, ತನ್ನ ಹಾಳೆಯನ್ನು ಇತ್ತ ಸರಿಸಿದಳು. “ಲೇ, ಲಗೂನ ಬರಕೋ.”

“ಬ್ಯಾಡ ಬೇ. ಟೀಚರ್ ಖಾಲಿ ಬಿಡು ಅಂದಾರ.”

“ಹುಚ್ಚಿ ಅದಿ ನೋಡ ನೀ!” ದಾನೇಶ್ವರಿ ನಕ್ಕು ಹಾಳೆ ಎಳೆದುಕೊಂಡಳು. ನೀಲಮ ಬಂದಷ್ಟು ಬರೆದಳು. ಉಳಿದ ಜಾಗ ಬೆಳ್ಳಗೆ ಬಿಟ್ಟಳು. ಅವತ್ತು ಅವಳಿಗೆ ಬೇಜಾರೇನೂ ಆಗಲಿಲ್ಲ. ಉಳಿದವರು ಸಾಲಿಯ ಮರ್ಯಾದೆ ತೆಗೆದರು, ತಾನು ತಾಯಿಯ ಹಾಗೆ ಉಳಿಸಿದೆ ಎಂದು ಒಳಗೊಳಗೇ ಹಿಗ್ಗಿದಳು. ಪಾಪ.

ವಾರ ಕಳೆದ ಮೇಲೆ ತಾಯಿ ಮಗಳಿಬ್ಬರನ್ನೂ ಆಫೀಸಿಗೆ ಕರೆಸಿದರು. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಲಿಡ್ವಿನ್ ಶಾಲೆಗೆ ಹೊಸಬರು, ಉಡುಪಿ ಕಡೆಯವರು, ಒಳ್ಳೆಯ ಮಾತಿನವರು. ಮೇಜಿನ ಪಕ್ಕದಲ್ಲಿ ಉಜ್ವಲಾ ಟೀಚರ್ ನಿಂತಿದ್ದರು.

“ನೋಡಮ್ಮ, ಎಷ್ಟೋ ವರ್ಷದಿಂದ ನಮ್ಮ ಹತ್ತನೆಯ ಫಲಿತಾಂಶ ನೂರಕ್ಕೆ ನೂರು. ಬರುವ ವರ್ಷ ಸುವರ್ಣ ಮಹೋತ್ಸವ, ಬಿಷಪರು ಬರುತ್ತಾರೆ. ಒಬ್ಬಳು ಫೇಲಾದರೂ ಹೆಸರು ಹೋಗುತ್ತದೆ. ಗಣಿತದಲ್ಲಿ ಇಡೀ ತರಗತಿಯಲ್ಲಿ ಇವಳೊಬ್ಬಳೇ ಹಿಂದೆ ಬಿದ್ದಿದ್ದಾಳೆ. ವಾರ್ಷಿಕ ಪರೀಕ್ಷೆ ಏನೇ ಆಗಲಿ, ಒಂಬತ್ತು ಪಾಸು ಎಂದು ಬರೆದು ಟೀಸಿ ಕೊಡುತ್ತೇವೆ, ಊರ ಸರಕಾರಿ ಶಾಲೆಗೆ ಸೇರಿಸಿ. ಇಲ್ಲೇ ಇರುತ್ತೇನೆ ಎಂದರೆ ಒಂಬತ್ತನೆಯಲ್ಲೇ ಕೂರಿಸಬೇಕಾಗುತ್ತದೆ.”

ನೀಲಮ ಮೇಜಿನ ಹತ್ತಿರ ಬಂದಳು. “ಯಾವ ಪರೀಕ್ಷೆ ನೋಡಿ ಹೇಳತೀರಿ ಸಿಸ್ಟರ್?”

“ವಿಶ್ವಾಸ ಪರೀಕ್ಷೆ ಮಗು. ಅದರ ಅಂಕ ಲೆಕ್ಕಕ್ಕಿಲ್ಲ, ನಿಜ. ಉಳಿದ ಪರೀಕ್ಷೆಗಳಲ್ಲಿ ಏನೇನೋ ನಡೆಯುತ್ತದೆ. ನಿಜ ತಿಳಿಯುವುದು ಇದರಲ್ಲೇ ಅಲ್ಲವೇ?”

“ಎಲ್ಲಾರೂ ನೋಡಿ ಬರದಾರ್ರಿ! ನಾ ಒಬ್ಬಾಕಿನ ನೋಡದ ಬರದೀನ್ರಿ!” ಅವಳು ಉಜ್ವಲಾ ಟೀಚರ್ ಕಡೆ ತಿರುಗಿದಳು. “ಟೀಚರ್, ಖಾಲಿ ಬಿಡು ಅಂದ್ರಲ್ರಿ ನೀವು. ಕಲಸ್ತೀನಿ ಅಂದ್ರಲ್ರಿ. ಹೇಳ್ರಿ!”

ಉಜ್ವಲಾ ಟೀಚರ್ ಸೆರಗು ಸರಿ ಮಾಡಿಕೊಂಡರು. “ಹುಡುಗೂರಿಗೆ ಧೈರ್ಯ ಹೇಳಾಕ ಏನರ ಅಂತೀವ್ರಿ ಸಿಸ್ಟರ್” ಎಂದರು. ನೀಲಮಳ ಕಡೆ ತಿರುಗಲೂ ಇಲ್ಲ.

ಸಿಸ್ಟರ್ ದಾನೇಶ್ವರಿಯನ್ನು ಕರೆಸಿ ಕೇಳಿದರು. “ಇಲ್ರಿ ಸಿಸ್ಟರ್, ಯಾರೂ ನೋಡಿಲ್ರಿ. ಫ್ಯಾನಿನ ಸಪ್ಪಳ ಬಿಟ್ರ ಬ್ಯಾರೆ ಸಪ್ಪಳ ಇರಲಿಲ್ರಿ” ಎಂದಳು ಗೆಳತಿ, ಒಂದು ಸಲವೂ ತಡವರಿಸದೆ. ಇಷ್ಟು ದಿನ ಒಂದೇ ಡಬ್ಬಿಯಲ್ಲಿ ಉಂಡವಳು!

ಇನ್ನು ಉಳಿದದ್ದು ಒಬ್ಬಳೇ. “ಆಯಿ, ನೀನರ ಹೇಳ. ನೀನೂ ಬರದಾಕಿ ಅದಿ. ವಿಶ್ವಾಸ ಪರೀಕ್ಷೆ ಬರದಾಕಿ ಸುಳ್ಳ ಹೇಳೂದಿಲ್ಲಂತ ಹೇಳ.”

ಜನಾಬಾಯಿ ಮಗಳ ಪರ ಸಿಡಿದೇಳಬೇಕಿತ್ತು. ಅಂಗನವಾಡಿಗೆ ಬಂದ ಸಾಹೇಬರನ್ನೇ ದಬಾಯಿಸಿ ಕಳಿಸಿದ ಹೆಂಗಸು ಅವಳು. ಅವತ್ತು ಮಾತ್ರ ಟೀಚರಾದ ಗೆಳತಿಯ ಮುಖ ನೋಡಿದಳು, ಗೆಳತಿ ಇವಳ ಮುಖ ನೋಡಿದರು, ಇಬ್ಬರೂ ಕಣ್ಣು ಕೆಳಗೆ ಹಾಕಿದರು. “ಟೀಸಿ ಕೊಡ್ರಿ ಸಿಸ್ಟರ್, ಒಯ್ತೀನಿ” ಎಂದಳು ಜನಾಬಾಯಿ. ಸಿಸ್ಟರ್ ತೋರಿಸಿದ ಜಾಗದಲ್ಲಿ ಸಹಿ ಮಾಡಿದಳು.

ಇಬ್ಬರೂ ಬಸ್ ನಿಲ್ದಾಣಕ್ಕೆ ಬಂದರು. ಅಲ್ಲಿ ಜನಾಬಾಯಿ ಸಿಟ್ಟಿನಿಂದ ಮಗಳತ್ತ ತಿರುಗಿದಳು.

“ಖರೇನ ನೋಡದ ಬರದಿ? ದಾನೇಶ್ವರಿ ಬಾಜೂಕ ಕುಂತಿದ್ಲಲ್ಲ?”

“ತೋರಿಸಿದ್ಲು. ನಾನ ಬ್ಯಾಡಂದೆ.”

“ಬ್ಯಾಡಂದಿ! ಯಾಕ?”

“ನೀನ ಹೇಳತಿದ್ದಿ ಅಲ್ಲ, ಒಬ್ರೂ ಅತ್ತಿತ್ತ ನೋಡಲಿಲ್ಲಂತ.”

ಜನಾಬಾಯಿ ಹಣೆ ಬಡಿದುಕೊಂಡಳು. “ಅಗ ಬಾಳ, ನನ್ನ ಕೂಸ, ಎಲ್ಲಾರೂ ನೋಡೇ ಬರೀತಿದ್ವಿ. ನಾನೂ ಉಜ್ವಲಾನೂ ಒಂದ ಗೈಡ್ ಹರಕೊಂಡ ಬರದೀವಿ. ಅದು ಮಂದೀಗೆ ಹೇಳೂ ಮಾತ. ಮನ್ಯಾಗಿನಾಕಿ ನೀನ ನಂಬತಿ ಅಂತ ನನಗೇನ ಗೊತ್ತಿತ್ತ!”

ನೀಲಮ ತಾಯಿಯನ್ನು ನೋಡಿದಳು. ಸಿಸ್ಟರ್ ಮೇಲೆ, ಟೀಚರ್ ಮೇಲೆ, ದಾನೇಶ್ವರಿಯ ಮೇಲೆ ಅಷ್ಟು ಹೊತ್ತು ಉರಿಯುತ್ತಿದ್ದ ಸಿಟ್ಟಿಗೆ ಈಗ ಬೇರೆ ಯಾರೂ ಬೇಕಾಗಿರಲಿಲ್ಲ. ಅಳು ಕೂಡ ಬರಲಿಲ್ಲ ಅವಳಿಗೆ.

ಬಸ್ಸು ಬಂತು. ಜನಾಬಾಯಿ ಮುಂದೆ ಹತ್ತಿ ಕಿಟಕಿಯ ಪಕ್ಕ ಎರಡು ಜಾಗ ಹಿಡಿದು, “ಬಾ ಇಲ್ಲೆ” ಎಂದು ಸೀಟು ತಟ್ಟಿದಳು. ನೀಲಮ ಅವಳನ್ನು ದಾಟಿ ಹೋಗಿ, ಗುರುತಿಲ್ಲದ ಮುದುಕಿಯೊಬ್ಬಳ ಪಕ್ಕ ಕುಳಿತಳು.