ಬಲಗಡೆಯ ಎಸಳು

ಹಿತ್ತಾಳೆ ತಟ್ಟೆಯ ನೀರಿನಲ್ಲಿ ಎರಡು ಸೇವಂತಿಗೆ ಎಸಳು ತೇಲುತ್ತಿದ್ದವು. ಗರ್ಭಗುಡಿಯ ಹೊಸ್ತಿಲ ಬಳಿ ಮಂಡಿಯೂರಿ ಕೂತಿದ್ದ ಮೃತ್ಯುಂಜಯ ಮೊದಲನೆಯದನ್ನು ನೀರು ತೊಟ್ಟಿಕ್ಕುತ್ತಿದ್ದಂತೆಯೇ ಎತ್ತಿ ಸೋದರಮಾವ ಏಕಾಂತಯ್ಯನವರ ಕೈಗಿಟ್ಟ. ಅವರು ಅದನ್ನು ವೀರಭದ್ರನ ಎಡಭುಜಕ್ಕೆ ಅಂಟಿಸಿದರು. ಎರಡನೆಯದನ್ನು ಎತ್ತಿದವನು ಬೆರಳಲ್ಲೇ ಎರಡು ಸಲ ಕೊಡವಿ, ಪಂಚೆಯ ಅಂಚಿಗೆ ಒಮ್ಮೆ ತಾಗಿಸಿ ಕೊಟ್ಟ. ಅದು ಬಲಭುಜಕ್ಕೆ ಹೋಯಿತು. ನಲವತ್ತು ವರ್ಷದಿಂದ ಪೂಜೆ ಮಾಡುತ್ತಿದ್ದ ಏಕಾಂತಯ್ಯನವರ ಕಣ್ಣಿಗೆ ಪೊರೆ ಬಂದಿತ್ತು, ಕೈ ಸದಾ ಒದ್ದೆಯಾಗಿರುತ್ತಿತ್ತು. ಯಾವ ಎಸಳು ಎಷ್ಟು ನೆನೆದಿದೆ ಎಂದು ನೋಡುವ ಉಸಾಬರಿಗೆ ಅವರು ಹೋದವರೇ ಅಲ್ಲ.

"ಅಪ್ಪಾ, ಮೃತ್ಯುಂಜಯ ತಂದಿರೋದು ಆಗೋದಾದ್ರೆ ಬಲಗಡೆ ಕೊಡು. ಸುಮನಾ ಮೇಡಂ ತಂದಿರೋದು ಆಗೋದಾದ್ರೆ ಎಡಗಡೆ ಕೊಡು," ಎಂದು ಅವರು ಗಂಟೆ ಬಾರಿಸಿದರು. ತಂದಿರೋದು ಏನು ಎಂದು ಅವರಿಗೆ ಗೊತ್ತಿರಲಿಲ್ಲ. ಲಿನಕ್ಸ್ ಎಂಬ ಮಾತನ್ನು ಅಳಿಯ ಎರಡು ಸಲ ಹೇಳಿಕೊಟ್ಟಿದ್ದರೂ ಅದು ಅವರ ನಾಲಿಗೆಗೆ ಹತ್ತಿರಲಿಲ್ಲ.

ಕಂಪ್ಯೂಟರಿನ ತಕರಾರು ವೀರಭದ್ರನ ಕಟಕಟೆಗೆ ಬಂದದ್ದು ಹೀಗೆ. ಪಾಳ್ಯದ ಪ್ರೌಢಶಾಲೆಯಲ್ಲಿ ಮೃತ್ಯುಂಜಯ ಒಂಬತ್ತು ವರ್ಷ ಕಂಪ್ಯೂಟರ್ ಮೇಷ್ಟ್ರಾಗಿದ್ದ, ಶಾಲೆಯಲ್ಲಿ ಕಂಪ್ಯೂಟರ್ ಇಲ್ಲದೆಯೇ. ಕಪ್ಪುಹಲಗೆಯ ಮೇಲೆ ಚೌಕ ಬರೆದು ಇದು ಮಾನಿಟರ್, ಬಾಲದ ಇಲಿ ಬರೆದು ಇದು ಮೌಸ್ ಎಂದು ಪಾಠ ಮಾಡಿ, ಪರೀಕ್ಷೆಯನ್ನೂ ಮಾಡಿ, ಪಾಸೂ ಮಾಡಿಸಿದ್ದ. ಎರಡು ಸಾವಿರದ ಆರರಲ್ಲಿ ಸಕಲೇಶಪುರದ ಕಡೆಯ ಕಾಫಿ ಎಸ್ಟೇಟಿನವರು ತಮ್ಮ ಆಫೀಸಿಗೆ ಹೊಸ ಕಂಪ್ಯೂಟರ್ ತರಿಸಿ, ಹಳೆಯ ಎಂಟನ್ನು ಶಾಲೆಗೆ ದಾನ ಕೊಟ್ಟರು. ಕದ್ದ ಸಾಫ್ಟ್‌ವೇರ್ ಹಾಕಬಾರದು ಎಂದು ಷರತ್ತು ಹಾಕಿದರು. ಹಾಗಾಗಿ ಕಂಪ್ಯೂಟರ್ ನಡೆಸಲು ಪುಕ್ಕಟೆ ಸಿಗುವ ಲಿನಕ್ಸ್ ಸಾಫ್ಟ್‌ವೇರ್.

ಈ ಲಿನಕ್ಸ್ ಒಂದೇ ಆಗಿದ್ದರೆ ಜಗಳವೇ ಇರುತ್ತಿರಲಿಲ್ಲ. ಒಂದೊಂದು ಬಳಗದವರು ಒಂದೊಂದು ಬಗೆ ಮಾಡಿಟ್ಟಿದ್ದಾರೆ. ಪರದೆಯ ಮೇಲೆ ಕಾಣುವ ಮುಖವನ್ನೂ, ಅಂದರೆ ಡೆಸ್ಕ್‌ಟಾಪನ್ನೂ, ನಾವೇ ಆರಿಸಿಕೊಳ್ಳಬೇಕು. ಮೃತ್ಯುಂಜಯ ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಗಳಿಂದ ಮ್ಯಾಂಡ್ರಿವಾ ಎಂಬ ಬಗೆ ಹಾಕಿ, ಅದರ ಮೇಲೆ ಕೆಡಿಇ ಎಂಬ ಡೆಸ್ಕ್‌ಟಾಪ್ ಕೂರಿಸಿದ. ನೀಲಿ ಪರದೆ, ಹೊಳೆಯುವ ಚಿತ್ರಗಳು. ಒಂದನ್ನು ಒತ್ತಿದರೆ ಬಾಣದ ಪಕ್ಕದಲ್ಲಿ ಪುಟಾಣಿ ಚಿತ್ರ ಪುಟಿಪುಟಿದು ಕುಣಿಯುತ್ತಿತ್ತು. ಜೂನ್‌ನಲ್ಲಿ ಸೇರಿದ್ದ ವಿಜ್ಞಾನದ ಮೇಡಂ ಸುಮನಾ ಮಾತ್ರ ಹಾಸನದ ಗೆಳತಿಯಿಂದ ಡೆಬಿಯನ್ ಎಂಬ ಇನ್ನೊಂದು ಬಗೆ ತಂದು, ಎಕ್ಸ್‌ಎಫ್‌ಸಿಇ ಎಂಬ ಹಗುರದ ಡೆಸ್ಕ್‌ಟಾಪ್ ಹಾಕಿದಳು. ಬೂದು ಪಟ್ಟಿ, ನಾಲ್ಕು ಚಿತ್ರ, ಅಷ್ಟೇ. ಎರಡು ವಾರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕೂತು ಅದರಲ್ಲಿ ಕನ್ನಡ ಟೈಪಿಂಗೂ ಬರುವಂತೆ ಮಾಡಿದ್ದಳು.

"ಇವು ಮುದಿ ಮೆಷೀನು ಸಾರ್, ನಿಮ್ದನ್ನ ಹೊರೋಕಾಗಲ್ಲ," ಎಂದು ಅವಳು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅಂದಳು. ಹೆಡ್‌ಮಾಸ್ಟರ್ ಸಿದ್ದಬಸಪ್ಪನವರು ಮೃತ್ಯುಂಜಯನನ್ನು ಒಂದು ಮಾತೂ ಕೇಳದೆ, ಮೇಡಂಗೆ ಗೊತ್ತಿರುತ್ತೆ ಬಿಡಿ ಎಂದರು. ಅವಳ ಮಾತು ನಿಜ ಎಂಬುದು ಮೃತ್ಯುಂಜಯನಿಗೂ ಗೊತ್ತಿತ್ತು. ಆದರೆ ಒಂಬತ್ತು ವರ್ಷ ಚೌಕ ಬರೆದವನಿಗೆ ನಿಜಕ್ಕಿಂತ ಆ ಕುಣಿಯುವ ಚಿತ್ರ ದೊಡ್ಡದಾಗಿ ಕಂಡಿತು. ಅವನು ಹಟ ಹಿಡಿದ. ವಾರವಾದರೂ ಇತ್ಯರ್ಥವಾಗಲಿಲ್ಲ. ಬೇಸತ್ತ ಸಿದ್ದಬಸಪ್ಪನವರು, ಹೋಗಿ ಹೂ ಕೇಳಿ ಅತ್ಲಾಗೆ ಎಂದರು. ಬೋರು ಎಲ್ಲಿ ಕೊರೆಸಬೇಕು, ಯಾವ ಸಂಬಂಧ ಒಪ್ಪಬೇಕು ಎಂಬುದಕ್ಕೆಲ್ಲ ಪಾಳ್ಯದಲ್ಲಿ ಹೂ ಕೇಳುತ್ತಾರೆ. ಯಾವ ಭುಜದ ಎಸಳು ಮೊದಲು ಬೀಳುತ್ತದೋ ಅದೇ ದೇವರ ಅಪ್ಪಣೆ. ಅವರು ಅರ್ಧ ತಮಾಷೆಗೆ ಹೇಳಿದ್ದು. ಸುಮನಾ ಮಾತ್ರ ತಲೆಯಾಡಿಸಿ, ಆಗಲಿ ಸಾರ್, ವೀರಭದ್ರಪ್ಪ ಹೇಳಿದ ಹಾಗೆ ಎಂದಳು.

ಚೆನ್ನಾಗಿ ನೆನೆದ ಎಸಳು ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ, ಒಣಗಿದ್ದು ಬೇಗ ಬೀಳುತ್ತದೆ ಎಂಬುದನ್ನು ಮೃತ್ಯುಂಜಯ ಹತ್ತನೇ ವಯಸ್ಸಿನಲ್ಲಿ, ಮಾವನ ಪಕ್ಕ ಕೂತು ತಟ್ಟೆ ಹಿಡಿಯುವಾಗಲೇ ಕಂಡುಕೊಂಡಿದ್ದ. ಅಂದು ಗಂಟೆಯ ಸದ್ದು ನಿಲ್ಲುವ ಮೊದಲೇ ಬಲಗಡೆಯ ಎಸಳು ಉದುರಿತು. ಒಂದು ಉಸಿರಿನಷ್ಟು ಹೊತ್ತು ಅವನಿಗೆ ಖುಷಿಯಾಯಿತು. ಆಮೇಲೆ ಪಕ್ಕಕ್ಕೆ ನೋಡಿದರೆ ಸುಮನಾ ಹೊಸ್ತಿಲಿಗೆ ಹಣೆ ಹಚ್ಚಿದ್ದಳು.

ಮಾರನೆಯ ದಿನವೇ ಅವಳು ತನ್ನದನ್ನು ಅಳಿಸಿದಳು. ಅವನದನ್ನು ಎಂಟಕ್ಕೂ ಹಾಕಲು ತಾನೇ ಕೂತು ನೆರವಾದಳು. ಉದ್ಘಾಟನೆಯ ದಿನ ಪಂಚಾಯ್ತಿ ಅಧ್ಯಕ್ಷರು ಬಟನ್ ಒತ್ತಿದರು, ಚಿತ್ರ ಕುಣಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಠ ಶುರುವಾದ ಮೇಲೆ ಅದು ಕುಣಿಯುತ್ತಲೇ ಇತ್ತು. ಮಕ್ಕಳು ಒಂದು ಗುಂಡಿ ಒತ್ತಿ ಕೈಕಟ್ಟಿ ಕೂರುತ್ತಿದ್ದರು. ಪೆಟ್ಟಿಗೆಯೊಳಗೆ ಹಾರ್ಡ್‌ಡಿಸ್ಕ್ ಗರಗರ ಎನ್ನುತ್ತಿತ್ತು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಅರ್ಧ ಕಾಯುವುದರಲ್ಲೇ ಮುಗಿಯುತ್ತಿತ್ತು. ಕರೆಂಟು ಹೋದರೆ ಮತ್ತೆ ಮೊದಲಿಂದ.

ಆಲೂರಿನಿಂದ ಒಂಬತ್ತರ ಬಸ್ಸಿಗೆ ಬರುತ್ತಿದ್ದ ಸುಮನಾ ಏಳೂವರೆಯ ಬಸ್ಸಿಗೆ ಬರತೊಡಗಿದಳು. ಮೊದಲ ಪೀರಿಯಡ್ಡಿಗೆ ಮಕ್ಕಳು ಬರುವ ಹೊತ್ತಿಗೆ ಎಂಟೂ ಕಂಪ್ಯೂಟರ್ ಎದ್ದು, ಟೈಪಿಂಗಿನ ಕಿಟಕಿ ತೆರೆದು ಸಿದ್ಧವಾಗಿರುತ್ತಿದ್ದವು. ಯಾರೂ ಅವಳಿಗೆ ಹೇಳಿರಲಿಲ್ಲ. ಮೃತ್ಯುಂಜಯ ಒಂಬತ್ತೂವರೆಗೆ ಬಂದಾಗ ಬಾಗಿಲು ತೆರೆದಿರುತ್ತಿತ್ತು, ನೆಲ ಗುಡಿಸಿರುತ್ತಿತ್ತು. ಅವನು ಬಾಗಿಲಲ್ಲೇ ಚಪ್ಪಲಿ ಬಿಡುವ ನೆವದಲ್ಲಿ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದ. ಅವನಿಗೆ ಅವಳ ಮುಖ ನೋಡುವುದಾಗುತ್ತಿರಲಿಲ್ಲ.

ಒಂದು ದಿನ ಸಿದ್ದಬಸಪ್ಪನವರೇ ಬಂದು ನೋಡಿ, ಮೇಡಂ, ನಿಮ್ಮದನ್ನೇ ಹಾಕಿ ಎಂದರು. ಅವಳು ಒಪ್ಪಲಿಲ್ಲ. ಹೂವಲ್ಲಿ ಬಂದದ್ದನ್ನು ಬದಲಾಯಿಸಬಾರದು ಎಂದಳು. ಪಾಳ್ಯದಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಸಿದ್ದಬಸಪ್ಪನವರು ವಾಪಸು ಹೋದರು.

ಗುರುವಾರ ಕರೆಂಟು ಹೋಗಿತ್ತು. ಕಪ್ಪು ಪರದೆಗಳ ನಡುವೆ ಇಬ್ಬರೇ ಕೂತಿದ್ದರು. ಹಾಸನದಲ್ಲಿ ಇಪ್ಪತ್ತು ದಿನದ ಕಂಪ್ಯೂಟರ್ ತರಬೇತಿಗೆ ಶಾಲೆಯಿಂದ ಒಬ್ಬರ ಹೆಸರು ಕಳಿಸಬೇಕೆಂದು ಕಾಗದ ಬಂದಿರುವುದನ್ನು ಸುಮನಾ ಹೇಳಿದಳು. ಸಿದ್ದಬಸಪ್ಪನವರು ಅವಳ ಹೆಸರು ಬರೆಯಲು ಹೋದಾಗ ಅವಳೇ ಬೇಡವೆಂದು, ಮೃತ್ಯುಂಜಯನ ಹೆಸರು ಹೇಳಿದ್ದಳು. ಸೋಮವಾರದ ಟಪಾಲಿಗೆ ಹೋಗುತ್ತದಂತೆ.

"ನೀವ್ಯಾಕೆ ಬೇಡ ಅಂದ್ರಿ ಮೇಡಂ?"

ಅವಳು ಕೀಬೋರ್ಡಿನ ಧೂಳನ್ನು ಸೆರಗಿನ ತುದಿಯಿಂದ ಒರೆಸುತ್ತ ಕೂತಳು. "ಹೂ ಕೇಳೋವಾಗ ನಂದೇ ಬರ್ಲಿ ಅಂತ ಬೇಡ್ಕೊಂಡಿದ್ದೆ ಸಾರ್. ಎಲ್ಲರ ಮುಂದೆ ನಿಮ್ದನ್ನ ಹೊರೋಕಾಗಲ್ಲ ಅಂತ ಬೇರೆ ಅಂದಿದ್ದೆ. ನಂಗೆ ಜಂಬ ಬಂದಿತ್ತು. ಅಪ್ಪ ಅದನ್ನ ನೋಡ್ಬುಟ್ಟ. ಇನ್ನು ಇದ್ರಲ್ಲಿ ಮುಂದೆ ಬೀಳ್ಬಾರ್ದು ಅಂತ ತೀರ್ಮಾನ ಮಾಡ್ಕೊಂಡೆ."

ಮೃತ್ಯುಂಜಯನಿಗೆ ಕೂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಂಪ್ಯೂಟರ್ ನಿಧಾನವಾದರೆ ಆಗಲಿ, ಮಕ್ಕಳು ಕಾದರೆ ಕಾಯಲಿ ಎಂದು ಅವನು ಇಷ್ಟು ದಿನ ಹೇಗೋ ಸಮಾಧಾನ ಮಾಡಿಕೊಂಡಿದ್ದ. ಇದು ಬೇರೆ. ಅವನು ಎಸಳು ಕೊಡವಿದ್ದನ್ನು ಒಬ್ಬ ಹೆಣ್ಣುಮಗಳು ದೇವರು ತನಗೆ ಮಾಡಿದ ಮಂಗಳಾರತಿ ಎಂದು ನಂಬಿ ಕೂತಿದ್ದಳು. ಆಗಲೇ ಹೇಳಬೇಕಿತ್ತು. ಕರೆಂಟು ಬಂತು, ಅವಳು ಎದ್ದು ಒಂದೊಂದಾಗಿ ಎಂಟನ್ನೂ ಮತ್ತೆ ಹಾಕಿದಳು.

ಅಂದು ಸಂಜೆ ಅವನು ಗುಡಿಗೆ ಹೋಗಿ ಮಾವನ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಬೈಯುತ್ತಾರೆ, ತಪ್ಪು ಕಾಣಿಕೆ ಕಟ್ಟಿಸುತ್ತಾರೆ, ಏನಾದರೂ ಮಾಡಿ ಈ ಭಾರ ಇಳಿಸುತ್ತಾರೆ ಎಂದುಕೊಂಡಿದ್ದ. ಏಕಾಂತಯ್ಯನವರು ಬತ್ತಿ ಹೊಸೆಯುತ್ತಲೇ ಕೇಳಿಸಿಕೊಂಡರು.

"ಅಷ್ಟೇ ತಾನೆ? ನಿನ್ನ ಕೈ ಕೊಡವಿಸ್ದೋನೂ ಅವನೇ ಕಣೋ. ಅವನ ಮನಸ್ಸಲ್ಲಿ ಇಲ್ದೆ ಒಂದು ಎಸಳು ಅಲ್ಲಾಡ್ತದಾ? ಹೋಗು, ಮನೇಲಿ ನಿಮ್ಮತ್ತೆ ಮಂಡಕ್ಕಿ ಮಾಡವ್ಳೆ."

ಬಾಗಿಲು ಅಷ್ಟು ಸಲೀಸಾಗಿ ತೆರೆದಿತ್ತು. ದೇವರೇ ಮಾಡಿಸಿದ್ದು ಎಂದು ಹೊರಟುಬಿಡಬಹುದಿತ್ತು, ಹಾಸನಕ್ಕೂ ಹೋಗಿ ಬರಬಹುದಿತ್ತು. ಮೃತ್ಯುಂಜಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತ. ತನ್ನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಉಜ್ಜಿ ನೋಡಿಕೊಂಡ. ಎರಡು ಸಲ ಕೊಡವಿದ್ದು, ಪಂಚೆಗೆ ತಾಗಿಸಿದ್ದು, ಎಲ್ಲ ನೆನಪಿತ್ತು. ಆಗ ಕೈಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಮಂಡಕ್ಕಿ ತಿನ್ನಲು ಹೋಗಲಿಲ್ಲ.

ಶುಕ್ರವಾರ ಅವನು ಎಂಟೂವರೆಗೇ ಶಾಲೆಗೆ ಬಂದ. ಸುಮನಾ ಆರನೆಯ ಕಂಪ್ಯೂಟರಿನ ಮುಂದಿದ್ದಳು.

"ಮೇಡಂ, ಆವತ್ತು ಎಸಳು ಕೊಟ್ಟೋನು ನಾನು. ನಿಮ್ದನ್ನ ನೆನೆಸಿ ಕೊಟ್ಟೆ. ನಂದನ್ನ ಒಣಗಿಸಿ ಕೊಟ್ಟೆ. ಒಣಗಿದ್ದು ಮೊದ್ಲು ಬೀಳ್ತದೆ, ನಂಗೊತ್ತಿತ್ತು."

ಅವಳು ತಿರುಗಿ ನೋಡಿದಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಪರದೆಯ ಮೇಲೆ ಪುಟಾಣಿ ಚಿತ್ರ ಕುಣಿಯುತ್ತಿತ್ತು. ಅದು ನಿಂತು ಕಿಟಕಿ ತೆರೆದ ಮೇಲೆ ಅವಳು ಏಳನೆಯದರ ಗುಂಡಿ ಒತ್ತಿದಳು.

"ಇದನ್ನ ಎಚ್ಚೆಮ್ ಸಾರ್‌ಗೂ ನೀವೇ ಹೇಳ್ಬೇಕು. ಸೋಮವಾರದೊಳಗೆ," ಎಂದಳು.

ಪ್ರಾರ್ಥನೆ ಮುಗಿದ ಮೇಲೆ ಅವನು ಸ್ಟಾಫ್ ರೂಮಿನಲ್ಲಿ ನಿಂತು, ಎಲ್ಲರೂ ಇರುವಾಗಲೇ ಹೇಳಿದ. ನಗುತ್ತಾರೆ ಎಂದುಕೊಂಡಿದ್ದ. ಯಾರೂ ನಗಲಿಲ್ಲ. ತನ್ನ ಮನೆಯ ಬೋರಿಗೆ ಇದೇ ಗುಡಿಯಲ್ಲಿ ಹೂ ಕೇಳಿದ್ದ ಡ್ರಿಲ್ ಮಾಸ್ಟರ್ ರುದ್ರಯ್ಯ ಅವನನ್ನೇ ಒಂದು ಗಳಿಗೆ ದಿಟ್ಟಿಸಿ ಎದ್ದು ಹೊರಗೆ ಹೋದ. ಸಿದ್ದಬಸಪ್ಪನವರು ಮೇಜಿನ ಖಾನೆಯಿಂದ ತರಬೇತಿಯ ಕಾಗದ ತೆಗೆದು, ಅವನ ಹೆಸರು ಹೊಡೆದುಹಾಕಿ, ಮೇಲೆ ಬೇರೆ ಹೆಸರು ಬರೆದರು. ನೀವಿನ್ನು ಪಾಠಕ್ಕೆ ಹೋಗಿ ಎಂದರು. ಯಾವಾಗಲೂ ಅವನನ್ನು ನೀನು ಎನ್ನುತ್ತಿದ್ದವರು ಅವರು.

ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಎಂಟು ಕಂಪ್ಯೂಟರಿಗೂ ಡೆಬಿಯನ್ ಹಾಕುವ ಕೆಲಸ ಶುರುವಾಯಿತು. ಸುಮನಾ ಅವನನ್ನು ಕರೆದಿರಲಿಲ್ಲ. ಬಂದವನನ್ನು ಹೋಗಿ ಎಂದೂ ಹೇಳಲಿಲ್ಲ. ಅವಳ ಚೀಲದಲ್ಲಿ ಸಿ.ಡಿ.ಗಳು ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿದ್ದವು. ಅವನು ಅವುಗಳನ್ನು ಬಿಚ್ಚಿ, ಒಂದನ್ನು ಅಂಗಿಯ ತುದಿಯಲ್ಲಿ ಒರೆಸಿ, ಅಂಚು ಹಿಡಿದು ಅವಳ ಕಡೆ ಚಾಚಿದ.

ಸುಮನಾ ತೆಗೆದುಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದು ಒಂದು ಮಗ್ಗುಲು ನೋಡಿದಳು. ತಿರುಗಿಸಿ ಇನ್ನೊಂದು ಮಗ್ಗುಲನ್ನೂ ನೋಡಿದಳು. ಆಮೇಲೆ ಕಂಪ್ಯೂಟರಿಗೆ ಹಾಕಿದಳು. ಎರಡನೆಯದನ್ನು ಕೊಟ್ಟಾಗಲೂ ಹಾಗೆಯೇ ನೋಡಿ ಹಾಕಿದಳು.