ರಕ್ತಕೂಪದ ಶ್ರೋತೃಗಳು

ಪಿರಿಯಾಪಟ್ಟಣದ 'ರಕ್ತಕೂಪ' ಎಂಬ, ಗಂಟಲು ಹರಿಯುವಂತೆ ಅಬ್ಬರಿಸುವ ಡೆತ್ ಮೆಟಲ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವ ಜವರೇಶನಿಗೆ ಹಾಡುಗಾರ ಧರ್ಮೇಂದ್ರನ ಬಡಾಯಿ ಕೇಳಿ ಕೇಳಿ ಸಾಕಾಗಿತ್ತು. ಮೊದಲ ಆಲ್ಬಮ್ಮನ್ನು ಗುರುಪುರದಲ್ಲಿ ಹೊಗೆಸೊಪ್ಪು ಹದ ಮಾಡುವ ಖಾಲಿ ಬ್ಯಾರನ್ನಿನಲ್ಲಿ ರೆಕಾರ್ಡ್ ಮಾಡಿದ್ದರು. ಹೊಗೆ ಕುಡಿದ ಗೋಡೆಗಳು ಗಂಟಲಿಗೆ ನರಕದ ಗಾಂಭೀರ್ಯ ಕೊಡುತ್ತವೆ ಎಂದಿದ್ದ ಧರ್ಮೇಂದ್ರ. ಅವು ಕೊಟ್ಟಿದ್ದು ಕೆಮ್ಮು. ಆ ಕೆಮ್ಮನ್ನೂ ಬಿಡದೆ ಎರಡನೆಯ ಆಲ್ಬಮ್ಮಿಗೆ ತುರುಕಿದ. ಎರಡನ್ನೂ ಯಾರೂ ಕೇಳಲಿಲ್ಲ.

"ಜನಕ್ಕೆ ಕಿವಿ ಇಲ್ಲ ಕಣ್ಲಾ" ಎಂದ ಧರ್ಮೇಂದ್ರ.

ಕಿವಿ ಸಿಕ್ಕಿದ್ದು ಎಚ್.ಡಿ. ಕೋಟೆಯಲ್ಲಿ. ಮುಸುಕಿನ ಜೋಳಕ್ಕೆ ನುಗ್ಗುವ ಕಾಡುಹಂದಿಗಳನ್ನು ಓಡಿಸಲು ಅಲ್ಲಿನ ರೈತರು ಹೊಲದಲ್ಲಿ ಸ್ಪೀಕರ್ ಇಟ್ಟು ನಾಯಿ ಬೊಗಳುವ ಸದ್ದು ಹಾಕುತ್ತಾರೆ. ಜವರೇಶನ ಸೋದರಮಾವ ಮಂಟಯ್ಯ ನಾಯಿಯ ಬದಲು ಇವರ ಆಲ್ಬಮ್ ಹಾಕಿದ. ಹಂದಿಗಳು ಓಟ ಕಿತ್ತವು. ಧರ್ಮೇಂದ್ರನಿಗೆ ಕೊಂಬು ಬಂತು. ಮೂರನೆಯ ಆಲ್ಬಮ್ಮಿನ ಮೇಲೆ 'ಕಾಡೇ ಬೆದರಿದ ಕಂಠ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ.

ಅದು ಬಿಡುಗಡೆಯಾದ ದಿನವೇ ಮಾವನ ಫೋನು ಬಂತು.

"ಈಗ ಅವು ಎದರಾಕಿಲ್ಲ ಕಣ್ಲಾ ಜವರೇಶ. ಸ್ಪೀಕರ್ ಪಕ್ಕದಲ್ಲೇ ಒಂದು ಅಂದಿ ಮರಿ ಆಕ್ಬುಟ್ಟದೆ. ನಿಮ್ ಪದ ಸುರುವಾದ್ರೆ ಮರಿಗಳು ತೆಪ್ಪಗೆ ಮಲಗ್ತವೆ, ನಿಲ್ಸುದ್ರೆ ಕಿರುಚ್ತವೆ."

ಜವರೇಶ ಒಂದಕ್ಷರ ಬಿಡದೆ ಅದನ್ನು ಧರ್ಮೇಂದ್ರನಿಗೆ ಒಪ್ಪಿಸಿದ. ಇನ್ನಾದರೂ ಇವನ ಜಂಬ ಇಳಿದೀತು ಎಂದು ಮುಖವನ್ನೇ ನೋಡುತ್ತ ಕುಳಿತ.

ಧರ್ಮೇಂದ್ರ ಕಣ್ಣು ಮುಚ್ಚಿ ಗಂಭೀರವಾಗಿ ತಲೆದೂಗಿದ.

"ಯಾವ ಹಾಡಿಗೆ ಮಲಗ್ತವಂತೆ ಕೇಳ್ಲಾ. ನಾಲ್ಕನೇದ್ರಲ್ಲಿ ಅಂಥವೇ ಮಾಡುವ."